ಗಾಜು ಹೋಯಿತು, ಒರೆಸುವ ಬಟ್ಟೆಯೂ ಹೋಯಿತು

ಮೂಡುಬಿದಿರೆಯ ಕಡಲಕೆರೆಯ ಕಂಬಳವಾಗಲಿ, ಧರ್ಮಸ್ಥಳದ ಲಕ್ಷದೀಪೋತ್ಸವವಾಗಲಿ, ಸಿದ್ಧಕಟ್ಟೆಯಿಂದಾಚೆ ಕೊಯ್ಲಾದ ಗದ್ದೆಯಲ್ಲಿ ನಡೆಯುವ ಬಯಲಾಟವಾಗಲಿ, ಈಗ ಅಂಥ ಕಡೆ ಜನರಿಗಿಂತ ಮೊದಲು ಕಾರುಗಳ ಸಾಲು ಎದುರಾಗುತ್ತದೆ. ಕೆಎ 19, ಕೆಎ 21, ಕೆಎ 70. ಮಂಗಳೂರು, ಪುತ್ತೂರು, ಬಂಟ್ವಾಳ ಎಂದು ನಂಬರು ಓದುತ್ತ ಆ ಸಾಲಿನ ಮುಂದೆ ನಡೆದರೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ಬಣ್ಣ ಮಿರುಗುತ್ತಿದೆ, ಟಯರು ಹೊಸದು, ಒಳಗೆ ಸೀಟಿಗೆ ಹೊಸ ಹೊದಿಕೆ. ಹೆಡ್‌ಲೈಟು ಮಾತ್ರ ಹಳದಿಗಟ್ಟಿ ಮಬ್ಬಾಗಿದೆ. ಏಳೆಂಟು ವರ್ಷ ದಾಟಿದ ಕಾರುಗಳಲ್ಲಿ ಇದು ಎಷ್ಟು ಸಾಮಾನ್ಯವಾಗಿದೆಯೆಂದರೆ ಯಾರಿಗೂ ಅದು ಕೊರತೆ ಎಂದು ಅನ್ನಿಸುವುದೇ ಇಲ್ಲ. ನಮ್ಮ ತಲೆಮಾರಿನವರಿಗೆ ಇದನ್ನು ಕಂಡಾಗ ಸರ್ವಿಸ್ ಜೀಪುಗಳ ಕಾಲ ನೆನಪಾಗುತ್ತದೆ. ಆ ಜೀಪುಗಳಲ್ಲಿ ಕೆಡದ ಭಾಗ ಎನ್ನುವುದು ಇರಲಿಲ್ಲ. ಬ್ರೇಕು, ಕ್ಲಚ್ಚು, ರೇಡಿಯೇಟರು ಎಲ್ಲವೂ ಸರದಿಯಲ್ಲಿ ಕೈಕೊಡುತ್ತಿದ್ದವು. ಹೆಡ್‌ಲೈಟಿನ ಗಾಜು ಮಾತ್ರ ಒಡೆಯುತ್ತಿತ್ತೇ ಹೊರತು ಹಳದಿಯಾಗುತ್ತಿರಲಿಲ್ಲ.

ದಿಡುಪೆ, ಶಿಶಿಲ, ನಾರಾವಿಯಂಥ ಊರುಗಳಿಗೆ ಬಸ್ಸು ಅಪರೂಪವಾಗಿದ್ದ ಕಾಲದಲ್ಲಿ ಬೆಳ್ತಂಗಡಿ ತಾಲೂಕನ್ನು ಪೇಟೆಗೆ ಕಟ್ಟಿಹಾಕಿದ್ದು ಈ ಜೀಪುಗಳೇ. ಒಳಗೆ ಕೂತವರಿಗಿಂತ ಹಿಂದೆ ನೇತುಬಿದ್ದವರು ಹೆಚ್ಚು. ಮುಸ್ಸಂಜೆಯ ಟ್ರಿಪ್ಪಿಗೆ ಹೊರಡುವ ಮೊದಲು ಚಾಲಕರು ಹೆಗಲ ಮೇಲಿನ ಬೈರಾಸಿನಿಂದ ಎರಡೂ ಹೆಡ್‌ಲೈಟಿನ ಕೆಸರು ಒರೆಸುತ್ತಿದ್ದರು. ಬಸ್ಸುಗಳಲ್ಲಿ ಆ ಕೆಲಸ ಕ್ಲೀನರ್ ಹುಡುಗನದು, ಗುರುವಾಯನಕೆರೆಯಲ್ಲೋ ಬಿ.ಸಿ. ರೋಡಿನಲ್ಲೋ ಬಸ್ಸು ನಿಂತ ಐದು ನಿಮಿಷದಲ್ಲಿ ಅವನು ಒಂದು ಬಕೆಟ್ ನೀರು ಎರಚಿ, ಬಟ್ಟೆ ಆಡಿಸಿ, ಓಡಿ ಬಂದು ಬಾಗಿಲು ಹಿಡಿಯುತ್ತಿದ್ದ. ಅದನ್ನು ಯಾರೂ ಅವನಿಗೆ ಕಲಿಸಿರಲಿಲ್ಲ. ಆಗಿನ ಮನೆಗಳಲ್ಲಿ ಸಂಜೆಯಾದರೆ ಲಾಟೀನಿನ ಗಾಜು ತೆಗೆದು ಬೂದಿ ಹಾಕಿ ಮಸಿ ಒರೆಸಿ, ಬತ್ತಿ ಕತ್ತರಿಸಿ ಇಡುವುದು ದಿನಚರಿಯೇ ಆಗಿತ್ತು. ಹೆಡ್‌ಲೈಟು ಆ ಲಾಟೀನಿನ ಸಾಲಿಗೆ ಸೇರಿದ ಇನ್ನೊಂದು ಗಾಜು, ಅಷ್ಟೆ. ದುರಸ್ತಿಯೂ ಸುಲಭವಾಗಿತ್ತು. ಅಮೆರಿಕದಲ್ಲಿ 1940ರ ಮಾದರಿಯ ಕಾರುಗಳಿಂದ ಬಳಕೆಗೆ ಬಂದ ಏಳು ಇಂಚಿನ ದುಂಡು ದೀಪದ ಅಳತೆ ಲೋಕವಿಡೀ ಹಬ್ಬಿ, ನಮ್ಮ ಜೀಪಿಗೂ ಅಂಬಾಸಿಡರಿಗೂ ಅದೇ ಅಳತೆ ಬಂದಿತ್ತು. ಪೇಟೆಯ ಇಲೆಕ್ಟ್ರಿಶಿಯನ್ನರ ಅಂಗಡಿಯ ಅಟ್ಟದಲ್ಲಿ ಅಂಥ ನಾಲ್ಕು ದೀಪ ಇದ್ದರೆ ಊರಿನ ಮುಕ್ಕಾಲು ವಾಹನಕ್ಕೆ ಸಾಕಾಗುತ್ತಿತ್ತು. ಕಲ್ಲು ಸಿಡಿದು ಗಾಜು ಒಡೆದರೆ ರಿಂಗು ಬಿಚ್ಚಿ ಬೇರೆ ಕೂರಿಸಿ, ಗೋಡೆಗೆ ಬೆಳಕು ಹಾಕಿ ಸ್ಕ್ರೂ ತಿರುಗಿಸಿ ಎತ್ತರ ಸರಿಮಾಡಿ ಕಳುಹಿಸುತ್ತಿದ್ದರು.

ಹಾಗೆಂದು ಆ ಬೆಳಕು ಚೆನ್ನಾಗಿತ್ತೆಂದು ಹೇಳಿದರೆ ಅದು ಸುಳ್ಳು. 45/40 ವ್ಯಾಟಿನ ಸಾದಾ ಬಲ್ಬು, ಮಳೆನೀರು ನುಗ್ಗಿ ತುಕ್ಕು ಹಿಡಿದ ರಿಫ್ಲೆಕ್ಟರು, ಬಳಲಿದ ಡೈನಮೋ. ಏರಿನಲ್ಲಿ ಎಂಜಿನ್ ನಿಧಾನವಾದರೆ ಬೆಳಕೂ ಕೆಂಪಗಾಗಿ ಕುಗ್ಗುತ್ತಿತ್ತು. ಚಾರ್ಮಾಡಿಯ ತಿರುವಿನಲ್ಲಿ ಬೆಳಕು ತೀರಾ ಬೇಕಾದ ಹೊತ್ತಿಗೇ ಅದು ಇಲ್ಲವಾಗುತ್ತಿತ್ತು. ಚಾಲಕರು ದಾರಿಯನ್ನು ಕಂಡು ಓಡಿಸುತ್ತಿದ್ದುದಕ್ಕಿಂತ ನೆನಪಿನಿಂದ ಓಡಿಸುತ್ತಿದ್ದುದೇ ಹೆಚ್ಚು. ಹಳೆಯದನ್ನು ಹೊಗಳುವ ಭರದಲ್ಲಿ ನಾವು ಮರೆಯುವುದು ಇದನ್ನು. ಗಾಜು ಸ್ವಚ್ಛವಾಗಿತ್ತು, ಅದರ ಹಿಂದೆ ಇದ್ದ ಬೆಳಕು ಬಡಕಲಾಗಿತ್ತು. ಇವತ್ತಿನದು ತದ್ವಿರುದ್ಧ: ಹಿಂದೆ 60/55 ವ್ಯಾಟಿನ ಹ್ಯಾಲೊಜನ್ ಅಥವಾ ಎಲ್‌ಇಡಿ ಇದೆ, ಮುಂದಿನ ಮುಚ್ಚಳ ಮಂಕಾಗಿದೆ. ನನ್ನ ವಾದ ಇಷ್ಟು. ಈ ಮಂಕು ಅಂದಗೇಡಿನ ವಿಷಯವಲ್ಲ, ಅಪಾಯದ ವಿಷಯ; ಅದನ್ನು ನಮ್ಮ ಊರಿನ ಶೆಡ್ಡುಗಳಲ್ಲೇ ಸರಿಮಾಡಬಹುದು; ಆದರೆ ಉಜ್ಜಿ ಹಾಗೇ ಬಿಟ್ಟರೆ ಉಜ್ಜದೇ ಇದ್ದುದಕ್ಕಿಂತ ಕಡೆ.

ಗಾಜನ್ನು ಬಿಟ್ಟದ್ದೇಕೆ ಎಂದು ಹಳಬರು ಕೇಳುತ್ತಾರೆ, ಕೇಳುವುದರಲ್ಲಿ ತಪ್ಪಿಲ್ಲ. ಧರ್ಮಸ್ಥಳದ ಹಳೆ ಕಾರುಗಳ ಸಂಗ್ರಹಾಲಯಕ್ಕೆ ಹೋದರೆ ಗಾಜಿನ ದೀಪಕ್ಕೆ ವಯಸ್ಸೇ ಆಗುವುದಿಲ್ಲ ಎನ್ನುವುದು ಯಾರಿಗೂ ತಿಳಿಯುತ್ತದೆ. ಆದರೆ ಗಾಜು ಭಾರ, ಅಪಘಾತದಲ್ಲಿ ಚೂರಾಗಿ ಎದುರಿನವನನ್ನು ಕೊಯ್ಯುತ್ತದೆ, ಕಾರಿನ ಮೈಗೆ ತಕ್ಕಂತೆ ಬಾಗಿಸಿ ಬಳುಕಿಸಿ ಮಾಡುವುದು ಕಷ್ಟ. ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕನ್ನು 1953ರಲ್ಲಿ ಜರ್ಮನಿಯ ಬೇಯರ್ ಕಂಪನಿಯಲ್ಲಿ ಹರ್ಮನ್ ಶ್ನೆಲ್, ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಲ್ಲಿ ಡೇನಿಯಲ್ ಫಾಕ್ಸ್ ಬೇರೆಬೇರೆಯಾಗಿ ಕಂಡುಹಿಡಿದರು. ಸುತ್ತಿಗೆಯಿಂದ ಹೊಡೆದರೂ ಒಡೆಯದಷ್ಟು ಗಟ್ಟಿ, ಗಾಜಿನ ಅರ್ಧದಷ್ಟೂ ತೂಕವಿಲ್ಲ. ಅಮೆರಿಕದ ಸರಕಾರ 1983ರಲ್ಲಿ ಒಪ್ಪಿಗೆ ಕೊಟ್ಟ ಮೇಲೆ 1984ರ ಲಿಂಕನ್ ಕಾರಿನೊಂದಿಗೆ ಅಲ್ಲಿ ಹೊಸ ಬಗೆಯ ಹೆಡ್‌ಲೈಟು ರಸ್ತೆಗೆ ಬಂತು. ಕ್ರಮೇಣ ಎಲ್ಲ ದೇಶದ ಕಾರಿಗೂ ಅದೇ ರೂಢಿಯಾಯಿತು. ಈ ಪ್ಲಾಸ್ಟಿಕ್ಕಿನ ದೌರ್ಬಲ್ಯ ಎರಡು: ಬೇಗ ಗೀರು ಬೀಳುತ್ತದೆ, ಬಿಸಿಲಿನ ನೇರಳಾತೀತ ಕಿರಣಕ್ಕೆ ಅದರ ಅಣುಗಳ ಬೆಸುಗೆ ಕಳಚಿ ಹಳದಿಯಾಗುತ್ತದೆ. ಇದು ತಯಾರಕರಿಗೆ ಗೊತ್ತಿಲ್ಲದ ಗುಟ್ಟೇನಲ್ಲ. ಅದಕ್ಕೇ ಕಾರ್ಖಾನೆಯಲ್ಲಿ ಅದರ ಮೇಲೆ ಕೆಲವೇ ಮೈಕ್ರಾನ್ ದಪ್ಪದ ಗಟ್ಟಿ ಲೇಪ ಕೊಟ್ಟಿರುತ್ತಾರೆ. ಆ ಲೇಪ ಇರುವಷ್ಟು ದಿನ ದೀಪ ಚೆನ್ನ. ಅದು ಬಿರಿದು ಸಿಪ್ಪೆಯೇಳಲು ಶುರುವಾದರೆ ಒಳಗಿನ ಪ್ಲಾಸ್ಟಿಕ್ಕು ಬಿಸಿಲಿಗೆ ಬತ್ತಲಾಯಿತೆಂದೇ ಅರ್ಥ.

ಬಿಸಿಲೇ ಕಾರಣ ಎನ್ನುವುದಕ್ಕೆ ಪ್ರಯೋಗಶಾಲೆ ಬೇಡ, ಅದೇ ಕಾರುಗಳ ಸಾಲು ಸಾಕು. ಆಕಾಶಕ್ಕೆ ಮುಖಮಾಡಿದ ಮೇಲ್ಭಾಗ ಕೆಳಭಾಗಕ್ಕಿಂತ ಹೆಚ್ಚು ಹಳದಿಯಾಗಿರುತ್ತದೆ. ಬಾನೆಟ್ಟಿನ ಅಂಚು ಮರೆಮಾಡಿದ ಸಣ್ಣ ಪಟ್ಟಿ ಹೊಸದರಂತೆ ಉಳಿದಿರುತ್ತದೆ. ಒಂದೇ ಕಾರಿನ ಎರಡು ದೀಪಗಳಲ್ಲಿ ಒಂದು ಹೆಚ್ಚು, ಇನ್ನೊಂದು ಕಡಿಮೆ ಮಬ್ಬಾಗಿದ್ದರೆ ಆ ಕಾರು ಹಗಲಿಡೀ ಹೇಗೆ ನಿಲ್ಲುತ್ತದೆ ಎಂದು ಕೇಳಿ ನೋಡಿ: ಒಂದು ಬದಿ ಅಡಿಕೆ ತೋಟದ ನೆರಳು, ಇನ್ನೊಂದು ಬದಿ ಮುರಕಲ್ಲಿನ ಅಂಗಳದ ಬಿಸಿಲು. ನಮ್ಮ ಕರಾವಳಿಯಲ್ಲಿ ಇದರ ಜೊತೆಗೆ ಇನ್ನೆರಡು ಸೇರುತ್ತವೆ. ಮಾರ್ಚಿನಿಂದ ಮೇ ತನಕ ಕಾದು ಬಿರಿದ ಲೇಪದ ಸಂದಿಗೆ ಜೂನ್ ಬಂದೊಡನೆ ನೀರು ನುಗ್ಗುತ್ತದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮೇಲೆ ಮಳೆ ಬೀಳುವ ಜಿಲ್ಲೆ ಇದು. ಇನ್ನೊಂದು ಧೂಳು. ಬಿ.ಸಿ. ರೋಡಿನಿಂದ ಕಲ್ಲಡ್ಕ, ಮಾಣಿಯ ಕಡೆಗೆ ಚತುಷ್ಪಥ, ಬಿಕರ್ನಕಟ್ಟೆಯಿಂದ ಮೂಡುಬಿದಿರೆಯ ಮೂಲಕ ಸಾಣೂರಿಗೆ ಚತುಷ್ಪಥ, ಪುಂಜಾಲಕಟ್ಟೆಯಿಂದ ಚಾರ್ಮಾಡಿಗೆ ಅಗಲೀಕರಣ ಎಂದು ವರ್ಷಗಟ್ಟಲೆ ಅಗೆದ ಕೆಂಪು ಮಣ್ಣು ಇಲ್ಲಿನ ಪ್ರತಿಯೊಂದು ಹೆಡ್‌ಲೈಟಿಗೂ ಹೊಡೆದಿದೆ. ಆ ಮಣ್ಣನ್ನು ನೀರು ಹಾಕದೆ ಒಣಬಟ್ಟೆಯಿಂದ ತಿಕ್ಕಿದರೆ, ಪಾತ್ರೆ ತೊಳೆಯುವ ನಾರಿನಿಂದ ಉಜ್ಜಿದರೆ, ನಾವೇ ಗೀರು ಹಾಕಿದ ಹಾಗೆ. ತೋಟದ ಬದಿಯಲ್ಲಿ ನಿಲ್ಲಿಸಿದ ಕಾರಿಗೆ ಮೈಲುತುತ್ತಿನ ಹನಿ ಬಿದ್ದರೆ ಒಣಗುವ ಮೊದಲು ತೊಳೆಯುವುದು ಒಳ್ಳೆಯದು. ಅದರಲ್ಲಿರುವ ಸುಣ್ಣದ ಕ್ಷಾರ ಈ ಪ್ಲಾಸ್ಟಿಕ್ಕಿಗೆ ಆಗದು.

ಸ್ವಲ್ಪ ಮಬ್ಬಾದರೆ ಏನಾಯಿತು, ಬೆಳಕು ಬರುತ್ತದಲ್ಲ ಎನ್ನುವವರು ಬಹಳ. ಅಮೆರಿಕದ ವಾಹನ ಮಾಲೀಕರ ಒಕ್ಕೂಟ ಎಎಎ 2018ರಲ್ಲಿ ಇದನ್ನು ಅಳೆದು ನೋಡಿತು. ತೀರಾ ಹಾಳಾದ ಹೆಡ್‌ಲೈಟು ಡಿಮ್ಮಿನಲ್ಲಿ ಹೊಸದರ ಬೆಳಕಿನ ಶೇ 22ರಷ್ಟನ್ನು ಮಾತ್ರ ಕೊಡುತ್ತಿತ್ತು. ದೂರ ಹೋದಂತೆ ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ ಎಂಬ ಶಾಲೆಯ ಪಾಠವನ್ನು ಇದಕ್ಕೆ ಹಚ್ಚಿದರೆ, ಹೊಸ ದೀಪದಲ್ಲಿ 60 ಮೀಟರ್ ದೂರಕ್ಕೆ ಕಾಣುತ್ತಿದ್ದುದು ಈಗ 30 ಮೀಟರಿಗೂ ಒಳಗೆ ಬಂದ ಮೇಲೆಯೇ ಕಾಣುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 16 ಮೀಟರಿಗಿಂತ ಹೆಚ್ಚು ಓಡುತ್ತದೆ. ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಆ ಮೂವತ್ತರಲ್ಲಿ ಅರ್ಧ ಮುಗಿದಿರುತ್ತದೆ. ಉಳಿದ ಬೆಳಕಾದರೂ ಎಲ್ಲಿ ಹೋಯಿತು? ಸಾವಿರಾರು ಗೀರುಗಳಿಗೆ ತಾಗಿ ಅಕ್ಕಪಕ್ಕಕ್ಕೂ ಮೇಲಕ್ಕೂ ಚೆಲ್ಲಿಹೋಯಿತು. ಅಂದರೆ ನಮಗೆ ದಾರಿ ಕಾಣದೆ, ಎದುರಿನವನ ಕಣ್ಣು ಕುಕ್ಕಿತು. ಮಳೆಯಲ್ಲಿ, ಮಂಜಿನಲ್ಲಿ ಇದು ಇನ್ನೂ ಕೆಡುತ್ತದೆ. ಅಂಥ ಬೆಳಕಿನಲ್ಲಿ ಯಾರು ಸಿಗುತ್ತಾರೆ ಎನ್ನುವುದನ್ನೂ ನೆನಪಿಡಬೇಕು. ಶಿವರಾತ್ರಿಯ ಹೊತ್ತಿಗೆ ಚಾರ್ಮಾಡಿ ಇಳಿದು ಧರ್ಮಸ್ಥಳಕ್ಕೆ ನಡೆದು ಬರುವ ಪಾದಯಾತ್ರಿಗಳ ಸಾಲು ರಾತ್ರಿಯೂ ನಿಲ್ಲುವುದಿಲ್ಲ.

ರಾತ್ರಿ ನಾವು ಗಾಡಿ ತೆಗೆಯುವುದೇ ಇಲ್ಲ, ಪೇಟೆಗೆ ಹಗಲು ಹೋಗಿ ಬರುತ್ತೇವೆ ಎನ್ನುವ ಉತ್ತರ ಬೇರೆ ಊರಿನಲ್ಲಿ ನಡೆದೀತು, ನಮ್ಮ ಕಡೆ ನಡೆಯುವುದಿಲ್ಲ. ಇಲ್ಲಿಯ ಬದುಕಿನ ಅರ್ಧ ಸಂಭ್ರಮ ಕತ್ತಲಾದ ಮೇಲೆಯೇ ಇರುವುದು. ನವೆಂಬರಿನಿಂದ ಮೇ ಕೊನೆಯ ಪತ್ತನಾಜೆಯ ತನಕ ಯಕ್ಷಗಾನ ಮೇಳಗಳ ಆಟ, ದೈವಗಳ ನೇಮ, ಬೆಳಗಾಗುವವರೆಗೆ ಓಡುವ ಕಂಬಳದ ಕೋಣ. ಒಂದು ಕಾಲದಲ್ಲಿ ತೆಂಗಿನ ಸೋಗೆಯ ಸೂಟೆ ಬೀಸುತ್ತ ಗದ್ದೆಯ ಹುಣಿಯಲ್ಲಿ ಹೋಗಿ ಬರುತ್ತಿದ್ದ ಜನರೇ ಈಗ ಮನೆಮಂದಿಯನ್ನೆಲ್ಲ ಹತ್ತಿಸಿಕೊಂಡು ಕಾರಿನಲ್ಲಿ ಹೋಗುತ್ತಾರೆ. ಸೂಟೆಗೆ ಎರಡಾಳು ದೂರ ಕಂಡರೆ ಸಾಕಿತ್ತು, ಕಾರಿಗೆ ಸಾಲದು. ಕೆಲವು ಮೇಳಗಳು ಕಾಲಮಿತಿಗೆ ಬಂದು ಅರ್ಧರಾತ್ರಿಗೇ ಮಂಗಳ ಹಾಡುವುದರಿಂದ, ಹಿಂದೆ ಬೆಳಕು ಹರಿದ ಮೇಲೆ ಮನೆಗೆ ಮರಳುತ್ತಿದ್ದವರು ಈಗ ನಟ್ಟಿರುಳಲ್ಲೇ ಮರಳುತ್ತಾರೆ. ಕಾಲಮಿತಿಯ ಪರ ವಿರೋಧ ವಾದಿಸುವ ಯಾರೂ ಈ ಲೆಕ್ಕ ಹಿಡಿದದ್ದು ಕಾಣೆ.

ಇನ್ನು ಮನೆಮದ್ದುಗಳ ವಿಷಯ. ಟೂತ್‌ಪೇಸ್ಟ್ ಹಚ್ಚಿ ಉಜ್ಜಿದರೆ ಹೊಳೆಯುತ್ತದೆ ಎನ್ನುವುದು ನಿಜ. ಅದರಲ್ಲಿ ಸುಣ್ಣಕಲ್ಲಿನದೋ ಸಿಲಿಕಾದ್ದೋ ನುಣ್ಣನೆಯ ಪುಡಿ ಇರುತ್ತದೆ, ಅದು ಮೇಲಿನ ಕೊಳೆಪದರವನ್ನು ತುಸು ಕೆರೆಯುತ್ತದೆ. ಆದರೆ ಬಿಸಿಲಿಗೆ ತಡೆಯಾಗುವಂಥದ್ದೇನೂ ಅದರಲ್ಲಿಲ್ಲ. ಕೆಲವೇ ವಾರಗಳಲ್ಲಿ ಹಳದಿ ಮರಳಿ ಬರುತ್ತದೆ. ಪೆಟ್ರೋಲು, ಥಿನ್ನರು, ಸೊಳ್ಳೆ ಓಡಿಸಲು ಮೈಗೆ ಹಚ್ಚುವ ಡೀಟ್ ಇರುವ ದ್ರವ ಇವು ಇನ್ನೂ ಕೆಟ್ಟವು: ಪ್ಲಾಸ್ಟಿಕ್ಕಿನ ಮೈಯನ್ನೇ ಕರಗಿಸುವುದರಿಂದ ಒಂದು ಕ್ಷಣ ನುಣುಪು ಕಾಣುತ್ತದೆ, ಆಮೇಲೆ ಒಳಗೆ ಜೇಡರ ಬಲೆಯಂತೆ ಬಿರುಕು ಏಳುತ್ತದೆ. ಈಚೆಗೆ ಸಣ್ಣ ಕೆಟಲಿನಂಥ ಪಾತ್ರೆಯಲ್ಲಿ ರಾಸಾಯನಿಕ ಕಾಯಿಸಿ ಹಬೆ ಹಿಡಿಯುವ ವಿದ್ಯೆ ಶೆಡ್ಡುಗಳಿಗೆ ಬಂದಿದೆ. ನೋಡುನೋಡುತ್ತಲೇ ದೀಪ ಹೊಸದಾಗುವುದರಿಂದ ಗಿರಾಕಿಗಳಿಗೆ ಬಲು ಮೆಚ್ಚು. ಆ ಹಬೆ ಹೆಚ್ಚಾಗಿ ಡೈಕ್ಲೋರೋಮೀಥೇನ್ ಅಥವಾ ಕ್ಲೋರೋಫಾರಂ. ಅದೂ ಮೇಲ್ಮೈಯನ್ನು ಕರಗಿಸಿಯೇ ಸಮಮಾಡುತ್ತದೆ, ಬಿಸಿಲಿನಿಂದ ಕಾಯುವುದಿಲ್ಲ. ಮುಚ್ಚಿದ ಶೆಡ್ಡಿನಲ್ಲಿ ಮುಖಗವಸು ಇಲ್ಲದೆ ಅದನ್ನು ದಿನವೂ ಉಸಿರಾಡುವ ಹುಡುಗರ ಬಗ್ಗೆ ಗಿರಾಕಿಯೂ ಯೋಚಿಸುವುದಿಲ್ಲ, ಧಣಿಯೂ ಯೋಚಿಸುವುದಿಲ್ಲ.

ಸರಿಯಾದ ಕೆಲಸಕ್ಕೆ ಹೊಸ ವಿದ್ಯೆಯೇನೂ ಬೇಕಿಲ್ಲ. ಕಾರಿಗೆ ಬಣ್ಣ ಹೊಡೆಯುವವರಿಗೆ ಅದರ ಪ್ರತಿಯೊಂದು ಹಂತವೂ ಗೊತ್ತು. ದೀಪವನ್ನು ಸೋಪುನೀರಿನಲ್ಲಿ ತೊಳೆದು, ಸುತ್ತಲ ಬಣ್ಣಕ್ಕೆ ತಾಗದಂತೆ ಮಾಸ್ಕಿಂಗ್ ಟೇಪ್ ಅಂಟಿಸಿ, ನೀರು ಬಿಡುತ್ತ ವಾಟರ್ ಪೇಪರ್ ಹಿಡಿಯಬೇಕು. ಹಳೆ ಲೇಪ ಸಿಪ್ಪೆಯೆದ್ದಿದ್ದರೆ 600 ಅಥವಾ 800ನೇ ನಂಬರಿನಿಂದ ಶುರು, ಬಳಿಕ 1000, 1500, 2000. ಶುರುವಿನಲ್ಲಿ ಹಾಲಿನಂತೆ ಹಳದಿ ನೀರು ಇಳಿಯುತ್ತದೆ. ಅದು ಬಿಳಿಯಾಗುವ ತನಕ ಮುಂದಿನ ನಂಬರಿಗೆ ಹೋಗಬಾರದು. ಅವಸರ ಮಾಡುವವರು ಎಡವುವುದು ಇಲ್ಲಿಯೇ: ಒರಟು ಕಾಗದದ ಗೀರು ಪೂರ್ತಿ ಹೋಗದೆ ನುಣ್ಣನೆಯದಕ್ಕೆ ಹಾರಿದರೆ ಆ ಗೀರು ಕೊನೆಗೂ ಉಳಿಯುತ್ತದೆ, ರಾತ್ರಿ ಬೆಳಕು ಹಾಕಿದಾಗಲೇ ಅದು ಕಾಣುವುದು. ಇದಾದ ಮೇಲೆ ದೀಪ ಹಾಲುಬಿಳಿಯಾಗಿ ಇನ್ನಷ್ಟು ಕೆಟ್ಟಂತೆ ತೋರುತ್ತದೆ, ಹೆದರಬೇಕಿಲ್ಲ. ಸ್ಪಿರಿಟ್ಟಿನಲ್ಲಿ ಒರೆಸಿ, ಪೂರ್ತಿ ಒಣಗಿಸಿ, ಹಾರ್ಡ್‌ನರ್ ಬೆರೆಸಿದ ಕ್ಲಿಯರ್ ಕೋಟ್ ತೆಳ್ಳಗೆ ಎರಡು ಸಲ ಹೊಡೆದರೆ ಆ ನವಿರು ಗೀರುಗಳೆಲ್ಲ ತುಂಬಿ ದೀಪ ತಿಳಿಯಾಗುತ್ತದೆ. ಕೋಟ್ ಹೊಡೆಯುವಾಗ ಏಳುವ ಆವಿಯೂ ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಸರಿಯಾದ ಮುಖಗವಸು ಬೇಕೇ ಬೇಕು. ಕ್ಲಿಯರ್ ಕೋಟ್ ಬೇಡ ಎನ್ನುವವರು ರಬ್ಬಿಂಗ್ ಕಾಂಪೌಂಡಿನಲ್ಲಿ ಪಾಲಿಶ್ ಮಾಡಿ, ಅದರ ಮೇಲೆ ಬಣ್ಣ ಕಾಯಲು ಅಂಟಿಸುವ ಪಾರದರ್ಶಕ ಪಿಪಿಎಫ್ ಹಾಳೆಯನ್ನು ಹಾಕಿಸಬಹುದು; ಕಲ್ಲಿನ ಏಟಿಗೂ ಅದು ತಡೆ. ಬರೀ ಮೇಣ ಹಚ್ಚಿದರೆ ನಮ್ಮ ಒಂದು ಮಳೆಗಾಲಕ್ಕೂ ಬಾಳದು. ಕಾರ್ಖಾನೆಯ ಲೇಪಕ್ಕೆ ಇದು ಯಾವುದೂ ಸಮವಲ್ಲ, ವರ್ಷಕ್ಕೊಮ್ಮೆ ನೋಡಿಕೊಳ್ಳಬೇಕು. ಮಾಡಿಸಲು ಹೊತ್ತು ಯಾವುದೆಂದರೆ ಏಪ್ರಿಲ್: ಗಾಳಿಯಲ್ಲಿ ಮಳೆಗಾಲದಷ್ಟು ತೇವ ಇರುವುದಿಲ್ಲ, ಕೋಟ್ ಚೆನ್ನಾಗಿ ಹಿಡಿಯುತ್ತದೆ, ಬೆಳಕು ತೀರಾ ಅಗತ್ಯವಾಗುವ ಮಳೆಗಾಲ ಮುಂದಿರುತ್ತದೆ.

ಇಷ್ಟೆಲ್ಲ ತಾಪತ್ರಯ ಯಾಕೆ, ಪವರಿನ ಎಲ್‌ಇಡಿ ಬಲ್ಬು ಹಾಕಿದರೆ ಮುಗಿಯಿತಲ್ಲ ಎನ್ನುವುದು ಈಗಿನ ಯುವಕರ ಮಾತು. ಮಬ್ಬಾದ ಮುಚ್ಚಳದ ಹಿಂದೆ ಬೆಳಕು ಹೆಚ್ಚಿಸಿದರೆ ಚೆಲ್ಲುವ ಬೆಳಕೇ ಹೆಚ್ಚಾಗುತ್ತದೆ. ಹ್ಯಾಲೊಜನ್ನಿನ ತಂತಿಗೆ ಲೆಕ್ಕಹಾಕಿ ಮಾಡಿದ ರಿಫ್ಲೆಕ್ಟರಿನಲ್ಲಿ ಎಲ್‌ಇಡಿಯ ಬೆಳಕು ಕೂರಬೇಕಾದ ಜಾಗದಲ್ಲಿ ಕೂರುವುದೂ ಇಲ್ಲ. ಹೀಗೆ ಎದುರಿನವನ ಕಣ್ಣು ಕುಕ್ಕುವ ಬೆಳಕಿನ ಕಷ್ಟ ಹಳಬರಿಗೆ ಹೊಸದಲ್ಲ. ಒಂದು ಕಾಲದಲ್ಲಿ ಪೊಲೀಸರು ರಸ್ತೆಬದಿಯಲ್ಲಿ ಗಾಡಿಗಳನ್ನು ನಿಲ್ಲಿಸಿ ಹೆಡ್‌ಲೈಟಿನ ನಡುವೆ ಕಪ್ಪು ಚುಕ್ಕೆ ಇಡುತ್ತಿದ್ದರು, ಮೇಲಿನ ಅರ್ಧಕ್ಕೆ ಕಪ್ಪು ಬಳಿಯುತ್ತಿದ್ದರು. ಎದುರಿನವನ ಕಣ್ಣಿಗೆ ಹೊಡೆಯದಿರಲಿ ಎಂಬ ಉದ್ದೇಶವೇನೋ ಒಳ್ಳೆಯದೇ. ಆ ಚುಕ್ಕೆಯಿಂದ ಪ್ರಯೋಜನ ಎಷ್ಟಾಗುತ್ತಿತ್ತೋ, ದಾರಿ ಕಾಣದ್ದೂ ಅಷ್ಟೇ ಆಗುತ್ತಿತ್ತು. ಡಿಮ್‌ ಡಿಪ್‌ ಮಾಡುವ ಸೌಜನ್ಯವಿದ್ದಿದ್ದರೆ ಆ ಕಪ್ಪು ಬಣ್ಣ ಬೇಕಿರಲಿಲ್ಲ. ಆ ಸೌಜನ್ಯ ಆಗ ಹೆಚ್ಚಿತ್ತು ಎಂದೇನೂ ಹೇಳಲಾರೆ.

ಹಳೆಯದನ್ನು ಬಿಸಾಡಿ ಹೊಸ ಹೆಡ್‌ಲೈಟನ್ನೇ ಹಾಕಿಸಿಕೊಳ್ಳುವುದು ಒಳ್ಳೆಯದಲ್ಲವೇ ಎಂಬ ಪ್ರಶ್ನೆಗೆ ಹೌದು ಎನ್ನಲೇಬೇಕು, ಕೈಯಲ್ಲಿ ದುಡ್ಡಿದ್ದರೆ. ಎಎಎಯ ಅಳತೆಯಲ್ಲೂ ಕಂಪನಿಯ ಹೊಸ ದೀಪ ಪೂರ್ತಿ ಬೆಳಕು ಮರಳಿ ಕೊಟ್ಟಿತು, ಹೊರಗಿನ ತಯಾರಿಯ ದೀಪಗಳು ಶೇ 83ರಿಂದ 90, ಉಜ್ಜಿ ಸರಿಮಾಡಿದ್ದು ಶೇ 70ರ ಆಸುಪಾಸು. ಆದರೆ ಶೇ 22ರಿಂದ 70ಕ್ಕೆ ಏರುವುದು ಸಣ್ಣ ಮಾತಲ್ಲ, ಅದೂ ವಾಟರ್ ಪೇಪರಿನ ನಾಲ್ಕು ಹಾಳೆ ಮತ್ತು ಒಂದು ಮಧ್ಯಾಹ್ನದ ಕೂಲಿಗೆ. ಏಳು ಇಂಚಿನ ಒಂದೇ ದೀಪ ಎಲ್ಲಕ್ಕೂ ಆಗುತ್ತಿದ್ದ ಕಾಲ ಹೋಯಿತು. ಈಗ ಒಂದೊಂದು ಮಾದರಿಗೂ ಅದರದೇ ಆಕಾರ, ಕೆಲವು ಹಳೆ ಮಾದರಿಗಳಿಗೆ ದೀಪ ಸಿಗುವುದೂ ಕಷ್ಟ. ಹೊಸದೇ ಬೇಕಾದ ಸಂದರ್ಭ ಬೇರೆ ಇದೆ: ರಿಫ್ಲೆಕ್ಟರು ಸುಟ್ಟಿದ್ದರೆ, ಬಿರುಕು ಪ್ಲಾಸ್ಟಿಕ್ಕಿನ ಒಳಗೇ ಇಳಿದಿದ್ದರೆ ಎಷ್ಟು ಉಜ್ಜಿದರೂ ಪ್ರಯೋಜನವಿಲ್ಲ. ಮಳೆಗಾಲದಲ್ಲಿ ಒಳಬದಿಗೆ ಹನಿಗಟ್ಟುವುದೂ ಬೇರೆ ರೋಗ. ಅದಕ್ಕೆ ಹಿಂದಿನ ರಬ್ಬರು ಮುಚ್ಚಳವನ್ನೋ ಅಂಚಿನ ಸೀಲನ್ನೋ ನೋಡಬೇಕು, ಹೊರಗೆ ಕಾಗದ ಹಿಡಿಯುವುದು ದಂಡ.

ಕಾನೂನಿನ ಕಣ್ಣೂ ಇಲ್ಲಿ ಮಬ್ಬು. ಬಾಡಿಗೆ ವಾಹನಗಳಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಅಲ್ಲಿಂದಾಚೆ ವರ್ಷಕ್ಕೊಮ್ಮೆ ಫಿಟ್‌ನೆಸ್ ಪರೀಕ್ಷೆ ಇದೆ. ಸ್ವಂತ ಕಾರಿಗೆ ನೋಂದಣಿಯಾದ ಮೇಲೆ 15 ವರ್ಷ ಅಂಥ ಪರೀಕ್ಷೆ ಇಲ್ಲ. ಹೆಡ್‌ಲೈಟಿನ ಲೇಪ ನಮ್ಮ ಬಿಸಿಲಿಗೆ ಅದರ ಅರ್ಧ ಅವಧಿಯೂ ಬಾಳುವುದಿಲ್ಲ. ಹೊಗೆ ತಪಾಸಣೆಗೆಂದು ಹೆಚ್ಚಿನ ಕಾರುಗಳು ಹೇಗೂ ಕೇಂದ್ರಕ್ಕೆ ಹೋಗುತ್ತವೆ. ಅಲ್ಲಿಯೇ ಗೋಡೆಗೆ ಬೆಳಕು ಹಾಕಿ ನೋಡುವ ಏರ್ಪಾಡು ಮಾಡುವುದು ಸಾರಿಗೆ ಇಲಾಖೆಗೆ ದೊಡ್ಡ ಹೊರೆಯಾಗಲಾರದು. ಅಲ್ಲಿಯವರೆಗೆ ಈ ಜವಾಬ್ದಾರಿ ಕಾರಿನ ಯಜಮಾನರದೇ. ಏಪ್ರಿಲ್ ತಿಂಗಳಲ್ಲಿ ಒಂದು ರಾತ್ರಿ ಅಂಗಳದ ಗೋಡೆಗೆ ಬೆಳಕು ಹಾಕಿ ನೋಡಿ. ಡಿಮ್ಮಿನ ಅಂಚು ಚೊಕ್ಕವಾಗಿ ಕಾಣದೆ ಬೆಳಕು ಗೋಡೆಯಿಡೀ ಹರಡಿದ್ದರೆ ಶೆಡ್ಡಿಗೆ ಕೊಂಡೊಯ್ಯಿರಿ. ಉಜ್ಜಿ ಮುಗಿದ ಮೇಲೆ ಮೇಲಿನಿಂದ ಕ್ಲಿಯರ್ ಕೋಟ್ ಹೊಡೆದಿದ್ದೀರಾ ಎಂದು ಕೇಳಿ. ಇಲ್ಲ ಎಂದರೆ ಹೊಡೆಸಿಕೊಂಡೇ ಗಾಡಿ ತೆಗೆಯಿರಿ.